ಹ್ಯಾಂಡ್‌ಬ್ರೇಕ್ ವಿಮರ್ಶೆ: ಗುಣಮಟ್ಟ ಹೇಳಿದಂತೆ ಕೇಳುತ್ತದೆ, ಎಷ್ಟು ಜಿಬಿ ಅಂತ ಮಾತ್ರ ಬಾಯಿ ಬಿಡುವುದಿಲ್ಲ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಮದುವೆ ವಿಡಿಯೋ ಮಾಡುವವರಿಗೆ ಗಿರಾಕಿಯ ಕೇಳಿಕೆ ಈಗ ಹೆಚ್ಚುಕಡಿಮೆ ಒಂದೇ: "ಪೂರಾ ಮದುವಿ ಒಂದ ಪೆನ್‌ಡ್ರೈವ್‌ದಾಗ ಕೂಡ್ರಬೇಕ್ರಿ, ಟಿವಿಗೆ ಹಚ್ಚಿದ್ರ ಸೀದಾ ಓಡಬೇಕು." ಎಡಿಟಿಂಗ್ ಟೈಮ್‌ಲೈನ್‌ನಿಂದ ಹೊರಬಂದ ದೊಡ್ಡ ಫೈಲನ್ನು ಟಿವಿಗೆ ಒಗ್ಗುವ ಸಣ್ಣ ಫೈಲ್ ಮಾಡಲು ಹ್ಯಾಂಡ್‌ಬ್ರೇಕ್‌ಗಿಂತ ಒಳ್ಳೆಯ ಉಚಿತ ಸಾಫ್ಟ್‌ವೇರ್ ಹುಡುಕುವುದು ಕಷ್ಟ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಾಟರ್‌ಮಾರ್ಕ್ ಇಲ್ಲ, ಟ್ರಯಲ್ ಅವಧಿ ಇಲ್ಲ, ಲೈಸೆನ್ಸ್ ಕೀ ಇಲ್ಲ. ಆದರೆ ಇದರ ಮುಖ್ಯ ಮೋಡ್ ಆದ ಕಾನ್‌ಸ್ಟಂಟ್ ಕ್ವಾಲಿಟಿಯಲ್ಲಿ (ಗುಣಮಟ್ಟ ಒಂದೇ ಸಮ ಇಡುವ ಮೋಡ್) "ಕೊನೆಗೆ ಫೈಲ್ ಎಷ್ಟು ಜಿಬಿ ಆಗುತ್ತದೆ" ಎಂಬ ಪ್ರಶ್ನೆಗೆ ಎನ್‌ಕೋಡ್, ಅಂದರೆ ವಿಡಿಯೋ ಕುಗ್ಗಿಸಿ ಬರೆಯುವ ಕೆಲಸ, ಮುಗಿಯುವವರೆಗೆ ಉತ್ತರವಿಲ್ಲ. ಗುಣಮಟ್ಟ ಆಯುವ ಸ್ಲೈಡರ್ ಪಕ್ಕದಲ್ಲಿ ಅಂದಾಜಿನ ಒಂದು ಅಂಕಿಯನ್ನೂ ತೋರಿಸುವುದಿಲ್ಲ.

ಇದನ್ನು ಕೊರತೆ ಅನ್ನಬಹುದು, ಅನ್ನಲೂಬೇಕು. ಆದರೆ ಅಂದಾಜು ಹಾಕುವ ದಾರಿ ಇದೆ, ಅದಕ್ಕೆ ಬೇಕಾದ ಸಾಮಾನೆಲ್ಲ ಇದೇ ಸಾಫ್ಟ್‌ವೇರ್ ಒಳಗೇ ಇದೆ. ಇಂಟರ್‌ಫೇಸ್, ಬಣ್ಣ, ಬಟನ್‌ಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಇಲ್ಲಿ ಮಾತು ಬಹುತೇಕ ಈ ಅಂದಾಜಿನದೇ.

ಮೊದಲು ಆ ಸ್ಲೈಡರ್ ಏನು ಮಾಡುತ್ತದೆ ನೋಡೋಣ. ವಿಡಿಯೋ ಟ್ಯಾಬ್‌ನಲ್ಲಿ ಆರ್‌ಎಫ್ ಎಂಬ ಸಂಖ್ಯೆ ಇದೆ. ಎಕ್ಸ್264 ಎನ್‌ಕೋಡರ್‌ಗೆ ಅದು 0ಯಿಂದ 51ರವರೆಗೆ. ಸಂಖ್ಯೆ ಇಳಿದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು. ಹ್ಯಾಂಡ್‌ಬ್ರೇಕ್ ತಂಡದವರ ಸಲಹೆ 720ಪಿಗೆ 19ರಿಂದ 23, 1080ಪಿಗೆ 20ರಿಂದ 24, 4ಕೆಗೆ 22ರಿಂದ 28. ನೀವು 22 ಇಟ್ಟರೆ "ಎಲ್ಲ ಫ್ರೇಮುಗಳೂ ಕಣ್ಣಿಗೆ ಸುಮಾರು ಇಷ್ಟು ಚೆನ್ನಾಗಿ ಕಾಣಲಿ, ಅದಕ್ಕೆ ಎಷ್ಟು ಬಿಟ್ ಹಿಡಿದರೂ ಹಿಡಿಯಲಿ" ಎಂದು ಹೇಳಿದಂತಾಯಿತು. ಎಷ್ಟು ಬಿಟ್ ಬೇಕು ಎಂಬುದನ್ನು ತೀರ್ಮಾನಿಸುವುದು ದೃಶ್ಯ. ಹಾಗಾಗಿ ಒಂದೇ ಆರ್‌ಎಫ್, ಒಂದೇ ಪ್ರೀಸೆಟ್ (ಸಿದ್ಧ ಸೆಟ್ಟಿಂಗ್‌ಗಳ ಕಟ್ಟು) ಇಟ್ಟರೂ ಎರಡು ಗಂಟೆಯ ಒಂದು ಕಾರ್ಯಕ್ರಮ 3 ಜಿಬಿ ಆಗಬಹುದು, ಅಷ್ಟೇ ಉದ್ದದ ಇನ್ನೊಂದು 9 ಜಿಬಿ ಆಗಬಹುದು. "22 ಇಟ್ರೆ ಎಷ್ಟ ಜಿಬಿ ಆಕ್ಕೈತಿ?" ಎಂದು ವಾಟ್ಸಾಪ್ ಗ್ರೂಪ್‌ನಲ್ಲಿ ಕೇಳಿದರೆ ಬರುವ ಉತ್ತರವೆಲ್ಲ ಅವರವರ ಫೂಟೇಜಿನ ಲೆಕ್ಕ, ನಿಮ್ಮದಲ್ಲ.

ಬಿಟ್ ನುಂಗುವ ದೃಶ್ಯಗಳು ಯಾವುವು ಎಂದು ಗೊತ್ತಿದ್ದರೆ ಅರ್ಧ ಅಂದಾಜು ಅಲ್ಲೇ ಆಯಿತು. ಎನ್‌ಕೋಡರ್ ಉಳಿತಾಯ ಮಾಡುವುದೇ ಹಿಂದಿನ ಮತ್ತು ಮುಂದಿನ ಫ್ರೇಮಿನಲ್ಲಿ ಇದ್ದದ್ದನ್ನು ಮತ್ತೆ ಬಳಸಿಕೊಂಡು. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಭಂಡಾರ ಹಾರಿಸುವ ದೃಶ್ಯ ನೆನೆಸಿಕೊಳ್ಳಿ. ಗಾಳಿಯಲ್ಲಿ ತೇಲುವ ಅರಿಷಿಣದ ಪುಡಿಯ ಒಂದು ಫ್ರೇಮಿಗೂ ಮುಂದಿನದಕ್ಕೂ ಹೋಲಿಕೆಯೇ ಇಲ್ಲ; ಪ್ರತಿ ಫ್ರೇಮನ್ನೂ ಹೆಚ್ಚುಕಡಿಮೆ ಹೊಸದಾಗಿಯೇ ಬರೆಯಬೇಕು. ಅಕ್ಕಿಕಾಳು ಬೀಳುವ ಕ್ಷಣ, ಕಾಗದದ ಚೂರು ಹಾರಿಸುವ ಯಂತ್ರ, ಸ್ಟೇಜಿನ ಹೊಗೆ, ಕೋಲ್ಡ್ ಪೈರೋದ ಕಿಡಿ, ಎಲ್ಲ ಇದೇ ಜಾತಿ. ಫೋಟೋಗ್ರಾಫರ್ ಫ್ಲ್ಯಾಶ್ ಹೊಡೆದಾಗಲೆಲ್ಲ ಎನ್‌ಕೋಡರ್‌ಗೆ ದೃಶ್ಯ ಬದಲಾಯಿತು ಎಂದೇ ಅನ್ನಿಸಿ ಪೂರ್ತಿ ಹೊಸ ಫ್ರೇಮ್ ಬರೆಯುವುದುಂಟು. ಹಿಂದಿನ ಎಲ್‌ಇಡಿ ವಾಲ್ ಮಿನುಗಿ ಪಟ್ಟೆಪಟ್ಟೆ ಕಂಡರೆ ಆ ಪಟ್ಟೆಗಳಿಗೂ ಬಿಟ್ ತೆರಬೇಕು.

ಇಳಕಲ್ ಸೀರೆಯ ಚೌಕಡಿ, ಗುಳೇದಗುಡ್ಡದ ಖಣದ ಸಣ್ಣ ಬುಟ್ಟಾಗಳ ವಿಷಯ ಸ್ವಲ್ಪ ಬೇರೆ. ಕ್ಯಾಮೆರಾ ಟ್ರೈಪಾಡ್ ಮೇಲಿದ್ದು ಹೆಂಗಸರು ಕುಳಿತಿದ್ದರೆ ಆ ನೇಯ್ಗೆಯ ವಿವರಕ್ಕೆ, ಪೂರ್ತಿಯಾಗಿ ಬರೆಯುವ ಕೀಫ್ರೇಮಿನಲ್ಲಿ ಒಮ್ಮೆ ಬಿಟ್ ಕೊಟ್ಟರೆ ಆಯಿತು, ಆಮೇಲೆ ಬಹುತೇಕ ಪುಕ್ಕಟೆ. ಅದೇ ಸೀರೆಯನ್ನು ಗಿಂಬಲ್ ಹಿಡಿದು ಸುತ್ತು ಬರುತ್ತ ತೆಗೆದರೆ ಅದೇ ವಿವರಕ್ಕೆ ಪ್ರತಿ ಫ್ರೇಮಿನಲ್ಲೂ ತೆರಬೇಕು. ಹೀಗಾಗಿ "ಒಳಾಂಗಣ ಅಂದ್ರ ಸಣ್ಣ ಫೈಲ್" ಎಂಬ ನಂಬಿಕೆ ಗಿಂಬಲ್ ಬಂದ ಮೇಲೆ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕಳ್ಳ ನಾಯ್ಸ್. ರಾತ್ರಿ ಮೆರವಣಿಗೆಯನ್ನು ಐಎಸ್‌ಓ 12800ರಲ್ಲಿ ತೆಗೆದರೆ ಕತ್ತಲ ಜಾಗದಲ್ಲೆಲ್ಲ ಕಾಳು ಕುಣಿಯುತ್ತದೆ. ನೋಡುವವನಿಗೆ ಅದು ಬೇಡ, ಎನ್‌ಕೋಡರ್‌ಗೆ ಮಾತ್ರ ಅದು ಉಳಿಸಬೇಕಾದ ವಿವರ. ಏನೂ ಚಲಿಸದ ಕತ್ತಲೆ ಶಾಟ್ ಹಗಲಿನ ಡೊಳ್ಳು ಕುಣಿತಕ್ಕಿಂತ ಹೆಚ್ಚು ಜಾಗ ತಿಂದರೆ ಕಾರಣ ಇದೇ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ಟ್ಯಾಬ್‌ನಲ್ಲಿ ಡಿನಾಯ್ಸ್ ಇದೆ: ಎನ್‌ಎಲ್‌ಮೀನ್ಸ್ ಚೆನ್ನಾಗಿ ಕೆಲಸ ಮಾಡುತ್ತದೆ ಆದರೆ ಬಹಳ ನಿಧಾನ, ಎಚ್‌ಕ್ಯೂಡಿಎನ್3ಡಿ ವೇಗ ಆದರೆ ಮುಖ ಸ್ವಲ್ಪ ಮೇಣದಂತೆ ಕಾಣಬಹುದು. ಎರಡರಲ್ಲಿ ಯಾವುದಾದರೂ "ಲೈಟ್" ಮೀರಿ ಹೋಗಬೇಡಿ. ಇಡೀ ಫೈಲಿಗೆ ಹಾಕುವುದಕ್ಕಿಂತ ಎಡಿಟಿಂಗ್‌ನಲ್ಲೇ ರಾತ್ರಿಯ ತುಣುಕುಗಳಿಗೆ ಮಾತ್ರ ಹಾಕಿಕೊಂಡು ಬರುವುದು ಜಾಣತನ.

ಇನ್ನು ಲೆಕ್ಕ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಅಂಕಿ ಒಂದೇ: 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ಬಿಟ್‌ರೇಟ್ 1 ನಿಮಿಷಕ್ಕೆ 7.5 ಎಂಬಿ, ಅಂದರೆ ಗಂಟೆಗೆ 450 ಎಂಬಿ. 8 ಬಿಟ್‌ಗೆ 1 ಬೈಟ್, ಹಾಗಾಗಿ 60 ಸೆಕೆಂಡನ್ನು 8ರಿಂದ ಭಾಗಿಸಿದರೆ ಬರುವುದೇ ಆ 7.5. ಕ್ಯಾಮೆರಾ 100 ಎಂಬಿಪಿಎಸ್‌ನಲ್ಲಿ 4ಕೆ ಬರೆದುಕೊಂಡರೆ ಗಂಟೆಗೆ 45 ಜಿಬಿ ಯಾಕಾಗುತ್ತದೆ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಮೂಲ ಫೈಲಿನ ಗಾತ್ರ ನೋಡಿ "ಇದರ ಹತ್ತನೇ ಒಂದು ಭಾಗ ಆಗಬಹುದು" ಎಂದು ಅಂದಾಜಿಸುವವರಿದ್ದಾರೆ. ಅದಕ್ಕೆ ಬುಡವಿಲ್ಲ. ಕ್ಯಾಮೆರಾದ ಬಿಟ್‌ರೇಟ್ ಮೆನುವಿನಲ್ಲಿ ಆಯ್ದದ್ದು. ಖಾಲಿ ಗೋಡೆ ತೆಗೆದರೂ ಬಹುತೇಕ ಅಷ್ಟೇ ತುಂಬುತ್ತದೆ.

ಅಂದಾಜಿಗೆ ಮಾಡಬೇಕಾದ್ದು ಮಾದರಿ ತುಣುಕುಗಳ ಎನ್‌ಕೋಡ್. ಹ್ಯಾಂಡ್‌ಬ್ರೇಕ್‌ನಲ್ಲಿ ಫೈಲ್ ತೆರೆದ ಮೇಲೆ ರೇಂಜ್ ಎಂಬಲ್ಲಿ ಚಾಪ್ಟರ್ಸ್ ಬದಲು ಸೆಕೆಂಡ್ಸ್ ಆಯ್ದು ಶುರು ಮತ್ತು ಕೊನೆಯ ಸಮಯ ಕೊಡಿ. ಪ್ರತಿ ತುಣುಕು 20ರಿಂದ 30 ಸೆಕೆಂಡ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಅಂದಾಜು ಮೇಲಕ್ಕೆ ಜಗ್ಗುತ್ತದೆ, ಏಕೆಂದರೆ ಪ್ರತಿ ತುಣುಕೂ ಒಂದು ಪೂರ್ಣ ಕೀಫ್ರೇಮಿನಿಂದ ಶುರುವಾಗಬೇಕು ಮತ್ತು 5 ಸೆಕೆಂಡಿನ ತುಣುಕಿನಲ್ಲಿ ಆ ಒಂದು ಫ್ರೇಮಿನ ಭಾರವೇ ಎದ್ದು ಕಾಣುತ್ತದೆ. ಒಂದೊಂದು ರೇಂಜ್ ಕೊಟ್ಟು ಕ್ಯೂಗೆ ಸೇರಿಸುತ್ತ ಹೋಗಿ, ಔಟ್‌ಪುಟ್ ಹೆಸರು ಪ್ರತಿ ಸಲ ಬದಲಿಸಿ, ಇಲ್ಲವಾದರೆ ಹೆಸರು ಆಗಲೇ ಇದೆ ಎಂದು ತಕರಾರು ತೆಗೆಯುತ್ತದೆ. ಪ್ರಿವ್ಯೂ ಕಿಟಕಿಯಲ್ಲಿ ಲೈವ್ ಪ್ರಿವ್ಯೂ ಎಂಬ ಸೌಲಭ್ಯವೂ ಇದೆ. ಗುಣಮಟ್ಟ ಕಣ್ಣಿಂದ ನೋಡಲು ಅದು ಚೆನ್ನ. ಗಾತ್ರದ ಲೆಕ್ಕಕ್ಕೆ ರೇಂಜೇ ಸರಿ, ಎಲ್ಲಿಂದ ಎಲ್ಲಿಗೆ ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ತುಣುಕು ಮುಗಿದ ಮೇಲೆ ಫೈಲಿನ ಪ್ರಾಪರ್ಟೀಸ್ ನೋಡಿ ಭಾಗಾಕಾರ ಮಾಡುವುದು ಬೇಡ. ಆಕ್ಟಿವಿಟಿ ಲಾಗ್ ತೆರೆದು ಕೊನೆಗೆ ಹೋಗಿ. ಅಲ್ಲಿ "ಮಕ್ಸ್: ಟ್ರ್ಯಾಕ್ 0" ಎಂದು ಶುರುವಾಗುವ ಒಂದು ಸಾಲಿದೆ: ಎಷ್ಟು ಫ್ರೇಮ್, ಎಷ್ಟು ಬೈಟ್, ಎಷ್ಟು ಕೆಬಿಪಿಎಸ್ ಎಂದು ಸಾಲಾಗಿ ಬರೆದಿರುತ್ತದೆ. ಟ್ರ್ಯಾಕ್ 0 ವಿಡಿಯೋ, ಟ್ರ್ಯಾಕ್ 1 ಆಡಿಯೋ. ಬೇಕಾದ ಸಂಖ್ಯೆ ಟ್ರ್ಯಾಕ್ 0ರ ಕೆಬಿಪಿಎಸ್, ಆಡಿಯೋ ಬೆರೆಯದೆ ಶುದ್ಧವಾಗಿ; ಸಾವಿರದಿಂದ ಭಾಗಿಸಿದರೆ ಎಂಬಿಪಿಎಸ್. ಇಷ್ಟು ಉಪಯುಕ್ತವಾದ ಸಾಲನ್ನು ಲಾಗ್‌ನ ತಳದಲ್ಲಿ ಹೂತಿಟ್ಟು ಮುಖ್ಯ ಕಿಟಕಿಯಲ್ಲಿ ತೋರಿಸದಿರುವುದು ಹ್ಯಾಂಡ್‌ಬ್ರೇಕ್‌ನ ಸ್ವಭಾವಕ್ಕೆ ತಕ್ಕದ್ದೇ.

ತುಣುಕು ಎಲ್ಲಿಂದ ಆಯಬೇಕು? ಮದುವೆಯ ಫೈಲಿನಲ್ಲಿ ಯಾವುದು ಎಲ್ಲಿದೆ ಎಂದು ಎಡಿಟ್ ಮಾಡಿದವರಿಗೆ ಗೊತ್ತೇ ಇರುತ್ತದೆ, ಆದ್ದರಿಂದ ಭಾಗ ಮಾಡಿ ಆಯುವುದು ಒಳ್ಳೆಯದು. 3 ಗಂಟೆ 10 ನಿಮಿಷದ, ಅಂದರೆ 190 ನಿಮಿಷದ 1080ಪಿ ಫೈಲ್ ಹಿಡಿಯೋಣ. ರಿಸೆಪ್ಶನ್ ಸ್ಟೇಜ್ 80 ನಿಮಿಷ, ಅರಿಷಿಣ, ಸುರಗಿ, ತಾಳಿ ಮುಂತಾದ ಶಾಸ್ತ್ರ 70 ನಿಮಿಷ, ಮೆರವಣಿಗೆ ಮತ್ತು ಕುಣಿತ 25 ನಿಮಿಷ, ಡ್ರೋನ್ ಮತ್ತು ಹಾಡಿನ ಮೊಂಟಾಜ್ 15 ನಿಮಿಷ. ಪ್ರತಿ ಭಾಗದಿಂದ ಮೂರು ನಾಲ್ಕು ತುಣುಕು ತೆಗೆದು ಸರಾಸರಿ ಹಾಕಿದಾಗ ಕ್ರಮವಾಗಿ 3, 5.5, 12, 9 ಎಂಬಿಪಿಎಸ್ ಬಂತು ಎಂದುಕೊಳ್ಳಿ. ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು, ನಿಮ್ಮವು ಬೇರೆಯೇ ಬರುತ್ತವೆ. ನಿಮಿಷದಿಂದ ಗುಣಿಸಿದರೆ 240, 385, 300, 135, ಒಟ್ಟು 1060. ಇದನ್ನು 7.5ರಿಂದ ಗುಣಿಸಿದರೆ 7950 ಎಂಬಿ ವಿಡಿಯೋ. ಆಡಿಯೋ 160 ಕೆಬಿಪಿಎಸ್ ಎಎಸಿ ಆದರೆ 0.16 ಗುಣಿಸು 190 ಗುಣಿಸು 7.5, ಸುಮಾರು 228 ಎಂಬಿ. ಒಟ್ಟು 8178 ಎಂಬಿ. ಮೆರವಣಿಗೆಯ ಸಾಲು ನೋಡಿ: ಸಮಯದಲ್ಲಿ ಏಳನೇ ಒಂದು ಪಾಲೂ ಬರದ 25 ನಿಮಿಷ ಗಾತ್ರದಲ್ಲಿ ಕಾಲು ಪಾಲಿಗಿಂತ ಹೆಚ್ಚು. ಬರೀ ಸ್ಟೇಜಿನಿಂದ ಮಾದರಿ ತೆಗೆದವರು ಎಡವುವುದು ಇಲ್ಲೇ.

ಉತ್ಸವದ ಅಥವಾ ಜಾತ್ರೆಯ ಉದ್ದ ರೆಕಾರ್ಡಿಂಗ್ ಆದರೆ, ಒಳಗೆ ಏನೆಲ್ಲ ಇದೆ ಎಂದು ನೋಡಿಲ್ಲದಿದ್ದರೆ, 10 ನಿಮಿಷಕ್ಕೊಂದು 20 ಸೆಕೆಂಡಿನ ತುಣುಕು ಕಣ್ಣು ಮುಚ್ಚಿ ತೆಗೆಯಿರಿ. ಕಣ್ಣು ಮುಚ್ಚಿ ಅಂದರೆ ನಿಜವಾಗಿಯೂ ಹಾಗೆಯೇ. "ಇಲ್ಲಿ ಚೆನ್ನಾಗಿದೆ" ಎಂದು ಆಯ್ದರೆ ಕುಣಿತವೇ ಕೈಗೆ ಹತ್ತುತ್ತದೆ, ಅಂದಾಜು ಉಬ್ಬುತ್ತದೆ. ಕಮಾಂಡ್ ಲೈನ್ ಬಳಸುವವರಿಗೆ ಎಬಿ-ಎವಿ1 ಎಂಬ ಸಣ್ಣ ಉಪಕರಣವಿದೆ. ಅದು ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೋ ಸಾಫ್ಟ್‌ವೇರ್ ಮೇಲೆ ಕೂತು ಇದೇ ಕೆಲಸವನ್ನು ತಾನಾಗಿ ಮಾಡುತ್ತದೆ: ಫೈಲಿನ ಉದ್ದಕ್ಕೂ ಮಾದರಿ ತೆಗೆದು, ಎನ್‌ಕೋಡ್ ಮಾಡಿ, ವಿಮ್ಯಾಫ್ ಎಂಬ ಗುಣಮಟ್ಟದ ಅಂಕ ಮತ್ತು ಅಂದಾಜು ಗಾತ್ರ ಎರಡನ್ನೂ ಹೇಳುತ್ತದೆ. ಎವಿ1 ಎಂಬ ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಅದರ ಮೂಲ ಆಯ್ಕೆ, ಆದರೆ ಎಕ್ಸ್264, ಎಕ್ಸ್265ಕ್ಕೂ ನಡೆಯುತ್ತದೆ. ಕಪ್ಪು ಕಿಟಕಿಗೆ ಅಂಜದವರು ಅದನ್ನೇ ಬಳಸಲಿ.

8178 ಎಂಬಿ ಬಂತಲ್ಲ, ಇದನ್ನು 8 ಜಿಬಿ ಪೆನ್‌ಡ್ರೈವ್‌ಗೆ ಹಾಕಬಹುದೇ? ಫೈಲ್ ತಯಾರಾದ ಮೇಲೆ ವಿಂಡೋಸ್ ಅದನ್ನು 7.6 ಜಿಬಿ ಎಂದು ತೋರಿಸುತ್ತದೆ. "8ಕ್ಕಿಂತ ಕಡಿಮೆ ಐತಲ್ಲ" ಎಂದು ಕಾಪಿ ಹಾಕಿದರೆ ಜಾಗ ಸಾಲುವುದಿಲ್ಲ ಎಂದು ನಿಲ್ಲುತ್ತದೆ. ಪೆನ್‌ಡ್ರೈವ್ ಕಂಪನಿ 1 ಜಿಬಿಗೆ 100 ಕೋಟಿ ಬೈಟ್ ಹಿಡಿಯುತ್ತದೆ, ವಿಂಡೋಸ್ 107 ಕೋಟಿಗೂ ಮಿಕ್ಕಿ ಹಿಡಿಯುತ್ತದೆ. 8 ಜಿಬಿ ಎಂದು ಬರೆದ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಲೆಕ್ಕದ 7.4 ಜಿಬಿ ಸಿಕ್ಕರೆ ಹೆಚ್ಚು. ಎರಡೂ ಕಡೆ ಒಂದೇ ಮಾಪನ ಇಟ್ಟುಕೊಳ್ಳಿ, ಎಲ್ಲಕ್ಕಿಂತ ಸುಲಭ ಎಂದರೆ ಬೈಟ್.

ಇದರ ಜೊತೆಗೇ ಎಫ್‌ಎಟಿ32 ಎಂಬ ಇನ್ನೊಂದು ಗೋಡೆ; ಅದು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವ ಹಳೆಯ ವಿಧಾನ. ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಎಂಬ ಹೊಸ ಫಾರ್ಮ್ಯಾಟ್ ಓದುವುದಿಲ್ಲ ಎಂಬ ಕಾರಣಕ್ಕೆ ಪೆನ್‌ಡ್ರೈವನ್ನು ಎಫ್‌ಎಟಿ32ರಲ್ಲಿ ಕೊಡುವುದು ರೂಢಿ, ಆದರೆ ಅದರಲ್ಲಿ ಒಂದು ಫೈಲ್ 4,29,49,67,295 ಬೈಟ್ ದಾಟುವಂತಿಲ್ಲ. 32 ಜಿಬಿ ಪೆನ್‌ಡ್ರೈವ್ ಖಾಲಿ ಇದ್ದರೂ 5 ಜಿಬಿ ಫೈಲ್ ಹತ್ತದೇ ಇದ್ದರೆ ಪೆನ್‌ಡ್ರೈವ್ ಕೆಟ್ಟಿಲ್ಲ. ಮೇಲಿನ ಮದುವೆಯನ್ನು ಎರಡು ಭಾಗ ಮಾಡಿದರೆ ತಲಾ 409 ಕೋಟಿ ಬೈಟ್; ಲೆಕ್ಕದಲ್ಲಿ ಹಿಡಿಯುತ್ತದೆ, ಆದರೆ ಮೆರವಣಿಗೆ ಬಿದ್ದ ಭಾಗ ಮೀರಬಹುದು. ಮೂರು ಭಾಗ ಮಾಡಿ, ಅದೂ ಕಾರ್ಯಕ್ರಮ ಬದಲಾಗುವ ಜಾಗದಲ್ಲಿ.

ಅಂದಾಜು ಸ್ವಲ್ಪ ಮೀರಿದೆ ಎಂದರೆ ಆರ್‌ಎಫ್ ಎಷ್ಟು ಏರಿಸಬೇಕು? ಎಕ್ಸ್264ರಲ್ಲಿ 6 ಏರಿಸಿದರೆ ಬಿಟ್‌ರೇಟ್ ಸುಮಾರು ಅರ್ಧ, 6 ಇಳಿಸಿದರೆ ಸುಮಾರು ದುಪ್ಪಟ್ಟು. ಅಂದರೆ ಒಂದು ಮೆಟ್ಟಿಲಿಗೆ ಹೆಚ್ಚುಕಡಿಮೆ ಶೇ 11 ಇಳಿಕೆ, ಎರಡಕ್ಕೆ ಶೇ 20. ನಮ್ಮ ಉದಾಹರಣೆಯಲ್ಲಿ ಒಂದು ಮೆಟ್ಟಿಲು ಏರಿಸಿದರೆ ವಿಡಿಯೋ 7080 ಎಂಬಿ ಆಸುಪಾಸು, ಆಡಿಯೋ ಸೇರಿ 7310; 8 ಜಿಬಿಗೆ ಕೂಡುತ್ತದೆ. ಈ ಸೂತ್ರ ಒಂದೆರಡು ಮೆಟ್ಟಿಲಿಗೆ ನಂಬಿಕಸ್ಥ. ನಾಯ್ಸ್ ತುಂಬಿದ ಫೂಟೇಜಿನಲ್ಲಿ ಇಳಿಕೆ ಇದಕ್ಕಿಂತ ಜೋರಾಗಿರುತ್ತದೆ, ಏಕೆಂದರೆ ಒಂದು ಹಂತ ದಾಟಿದ ಮೇಲೆ ಎನ್‌ಕೋಡರ್ ಕಾಳನ್ನು ಉಳಿಸುವ ಗೊಡವೆಯನ್ನೇ ಬಿಡುತ್ತದೆ. ನಾಲ್ಕೈದು ಮೆಟ್ಟಿಲು ಸರಿಸುವುದಿದ್ದರೆ ತುಣುಕುಗಳನ್ನು ಮತ್ತೆ ಓಡಿಸಿ.

ಮಾದರಿಯಲ್ಲಿ ಇಟ್ಟ ಸೆಟ್ಟಿಂಗ್ ಪೂರ್ಣ ಎನ್‌ಕೋಡ್‌ನಲ್ಲೂ ಹಾಗೇ ಇರಬೇಕು ಎಂಬುದು ಹೇಳುವ ಮಾತೇ ಅಲ್ಲ ಅನ್ನಿಸಬಹುದು, ಆದರೆ ಅಂದಾಜು ತಪ್ಪಿದ ಕಡೆಯೆಲ್ಲ ಮೊದಲು ನೋಡಬೇಕಾದ್ದು ಅದನ್ನೇ. "ಬೇಗ ಆಗಲಿ" ಎಂದು ಮಾದರಿಯನ್ನು ಅಲ್ಟ್ರಾಫಾಸ್ಟ್ ಎಂಬ ವೇಗದ ಪ್ರೀಸೆಟ್‌ನಲ್ಲಿ ಓಡಿಸಿ ಕೆಲಸವನ್ನು ಮೀಡಿಯಂನಲ್ಲಿ ಮಾಡಿದರೆ ಆ ಎರಡು ಅಂಕಿಗಳಿಗೆ ಸಂಬಂಧವೇ ಇಲ್ಲ. ಒಂದೇ ಆರ್‌ಎಫ್‌ಗೆ ಪ್ರೀಸೆಟ್ ಬದಲಾದರೆ ಗಾತ್ರವೂ ಬದಲಾಗುತ್ತದೆ. ಕೋಡೆಕ್ ಬದಲಾದರೆ ಆರ್‌ಎಫ್ ಅಳತೆಯೇ ಬೇರೆ: ಎಕ್ಸ್264ರ 22, ಎಕ್ಸ್265ರ 22, ಎಸ್‌ವಿಟಿ-ಎವಿ1ರ 22 ಮೂರೂ ಬೇರೆ ಬೇರೆ ಗುಣಮಟ್ಟ. ಗ್ರಾಫಿಕ್ಸ್ ಕಾರ್ಡಿನ ಎನ್‌ವಿಎನ್‌ಕ್ ಆಯ್ದರೆ ಅಲ್ಲಿ ಆರ್‌ಎಫ್ ಬದಲು ಬರುವುದು ಸಿಕ್ಯೂ ಎಂಬ ಅಳತೆ, ಅದನ್ನೂ ಹೋಲಿಸುವಂತಿಲ್ಲ. ಎನ್‌ವಿಎನ್‌ಕ್ ವೇಗ ನಿಜಕ್ಕೂ ದೊಡ್ಡದು, ಸೀಸನ್‌ನಲ್ಲಿ ಅದೇ ಕೈ ಹಿಡಿಯುತ್ತದೆ. ಆದರೆ ಅದೇ ಗುಣಮಟ್ಟಕ್ಕೆ ಎಕ್ಸ್264ರ ನಿಧಾನ ಪ್ರೀಸೆಟ್‌ಗಿಂತ ಹೆಚ್ಚು ಜಾಗ ಕೇಳುತ್ತದೆ.

ಇಲ್ಲಿ ಹ್ಯಾಂಡ್‌ಬ್ರೇಕ್ ಮೇಲೆ ಒಂದು ದೂರು ಇದೆ. ಪ್ರೀಸೆಟ್ ಪಟ್ಟಿಯಲ್ಲಿ ಮೊದಲಿಗೆ ಕೈಗೆ ಹತ್ತುವ ಫಾಸ್ಟ್ 1080ಪಿ30, ಫ್ರೇಮ್‌ರೇಟನ್ನು ಗರಿಷ್ಠ 30ಕ್ಕೆ ಕಟ್ಟಿಹಾಕುತ್ತದೆ. ನಮ್ಮಲ್ಲಿ ಕ್ಯಾಮೆರಾ 25 ಅಥವಾ 50ರಲ್ಲಿ ಓಡುತ್ತದೆ. 25 ಆದರೆ ತೊಂದರೆ ಇಲ್ಲ. 50ರ ಫೈಲ್ 30ಕ್ಕೆ ಇಳಿದಾಗ ಫ್ರೇಮುಗಳು ಸಮನಾಗಿ ಬೀಳದೆ ಚಲನೆ ಕುಕ್ಕುತ್ತದೆ. ಫ್ರೇಮ್‌ರೇಟನ್ನು "ಸೇಮ್ ಆ್ಯಸ್ ಸೋರ್ಸ್" ಮಾಡಿ, ಇಲ್ಲವೇ ನೇರವಾಗಿ 25ಕ್ಕೆ ಇಳಿಸಿ, ಆಮೇಲೆ ಮಾದರಿ ತೆಗೆಯಿರಿ. 50 ಇಟ್ಟರೆ ಫೈಲ್ ದೊಡ್ಡದಾಗುತ್ತದೆ, ಆದರೆ ಇಮ್ಮಡಿ ಆಗುವುದಿಲ್ಲ. ಫ್ರೇಮುಗಳ ನಡುವಿನ ವ್ಯತ್ಯಾಸವೇ ಸಣ್ಣದಾಗಿರುತ್ತದೆ.

ಹೀಗೆ ಮಾಡಿದ ಅಂದಾಜಿಗೆ ಮೇಲೆ ಶೇ 10 ಜಾಗ ಬಿಟ್ಟುಕೊಳ್ಳಿ. ಅಷ್ಟೂ ಬಿಡಲಾಗದಷ್ಟು ಬಿಗಿ ಮಿತಿ ಇದ್ದರೆ, ಉದಾಹರಣೆಗೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು 2 ಜಿಬಿ ಒಳಗೇ ಇರಬೇಕು ಎಂದರೆ, ಕಾನ್‌ಸ್ಟಂಟ್ ಕ್ವಾಲಿಟಿಯನ್ನು ಅಲ್ಲಿಗೇ ಬಿಡಿ. ಆವರೇಜ್ ಬಿಟ್‌ರೇಟ್ ಆಯ್ದು ಮಲ್ಟಿ-ಪಾಸ್ ಗುರುತು ಹಾಕಿ. ಹಳೆಯ ಆವೃತ್ತಿಯಲ್ಲಿ ಇದರ ಹೆಸರು 2-ಪಾಸ್. ಲೆಕ್ಕ ಉಲ್ಟಾ ಹೋಗುತ್ತದೆ. ಮೇಲಿನ ಮದುವೆಯನ್ನೇ ಹಿಡಿದರೆ, ಇರುವ ಜಾಗ 7600 ಎಂಬಿ, ಉದ್ದ 190 ನಿಮಿಷ: 7600 ಭಾಗಿಸು 190 ಭಾಗಿಸು 7.5, ಅಂದರೆ 5.33 ಎಂಬಿಪಿಎಸ್. ಶೇ 2 ಬದಿಗಿಟ್ಟು ಆಡಿಯೋದ 0.16 ಕಳೆದರೆ 5.06, ಪೆಟ್ಟಿಗೆಯಲ್ಲಿ 5000 ಎಂದು ಬರೆಯಿರಿ. ಗಾತ್ರ ಹೇಳಿದಷ್ಟೇ ಬರುತ್ತದೆ, ಸಮಯ ಮಾತ್ರ ಹೆಚ್ಚು. ಗುಣಮಟ್ಟ ಹೇಗಿರುತ್ತದೆ ಎಂಬುದು ಈಗ ಫೂಟೇಜಿನ ಪಾಲಿಗೆ. 2 ಜಿಬಿಯೊಳಗೆ ಮೂರು ಗಂಟೆ ಮೆರವಣಿಗೆ ತುರುಕಿದರೆ ಭಂಡಾರದ ಜಾಗದಲ್ಲಿ ಚೌಕಚೌಕ ಕಾಣುವುದು ನಿಶ್ಚಿತ. ಹ್ಯಾಂಡ್‌ಬ್ರೇಕ್‌ನ ಹಳೆಯ ಆವೃತ್ತಿಗಳಲ್ಲಿ ನೇರವಾಗಿ ಎಂಬಿ ಬರೆಯುವ ಟಾರ್ಗೆಟ್ ಸೈಜ್ ಪೆಟ್ಟಿಗೆಯೇ ಇತ್ತು, ಆಮೇಲೆ ತೆಗೆದರು. ಅದು ಬೇಕೇ ಬೇಕು ಎನ್ನುವವರಿಗೆ ಇದೇ ಎಂಜಿನ್ ಮೇಲೆ ವಿಂಡೋಸ್‌ಗಾಗಿ ಕಟ್ಟಿದ ವಿಡ್‌ಕೋಡರ್‌ನಲ್ಲಿ ಸಿಗುತ್ತದೆ.

ನಡುದಾರಿ ಒಂದಿದೆ, ಟಿವಿಗೆ ಕೊಡುವ ಫೈಲಿಗೆ ಅದೇ ಉತ್ತಮ. ಆರ್‌ಎಫ್ ಇಟ್ಟು, ಕೆಳಗಿನ ಅಡ್ವಾನ್ಸ್ಡ್ ಆಪ್ಶನ್ಸ್ ಪೆಟ್ಟಿಗೆಯಲ್ಲಿ ವಿಬಿವಿ-ಮ್ಯಾಕ್ಸ್‌ರೇಟ್=12000:ವಿಬಿವಿ-ಬಫ್‌ಸೈಜ್=24000 ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಸೇರಿಸಿ. ಸಾದಾ ದೃಶ್ಯಗಳು ಎಂದಿನಂತೆ ಕಡಿಮೆಯಲ್ಲೇ ಮುಗಿಯುತ್ತವೆ. ಕುಣಿತ, ಪಟಾಕಿ ಬಂದಾಗ ಬಿಟ್‌ರೇಟ್ 12 ಎಂಬಿಪಿಎಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಡೀ ಫೈಲ್ ಎಷ್ಟೇ ಕೆಟ್ಟರೂ ನಿಮಿಷಕ್ಕೆ 90 ಎಂಬಿ ಮೀರದು ಎಂಬ ಮೇಲ್ಮಿತಿ ಕೈಗೆ ಸಿಗುತ್ತದೆ. ಅಗ್ಗದ ಪೆನ್‌ಡ್ರೈವ್‌ನಿಂದ ಓದುವ ಹಳೆಯ ಟಿವಿ ಮೆರವಣಿಗೆ ಬಂದ ಕೂಡಲೇ ತಡವರಿಸುವುದೂ ಇದರಿಂದ ತಪ್ಪುತ್ತದೆ.

ಡೌನ್‌ಲೋಡ್ ಮಾಡುವಾಗ ಎಚ್ಚರ: ಅಧಿಕೃತ ತಾಣದ ಕೊನೆ ಡಾಟ್ ಎಫ್‌ಆರ್. 2017ರ ಮೇ ತಿಂಗಳಲ್ಲಿ ಅವರದೇ ಒಂದು ಡೌನ್‌ಲೋಡ್ ಸರ್ವರ್‌ಗೆ ಯಾರೋ ನುಗ್ಗಿ ಮ್ಯಾಕ್ ಫೈಲಿನ ಬದಲು ಟ್ರೋಜನ್ ಇಟ್ಟಿದ್ದರು, ಆದ್ದರಿಂದ ಚೆಕ್‌ಸಮ್ (ಫೈಲ್ ಅಸಲಿಯೇ ಎಂದು ತಾಳೆ ನೋಡುವ ಸಂಕೇತ) ಹೋಲಿಸಿ ನೋಡುವುದು ವ್ಯರ್ಥ ಕೆಲಸವಲ್ಲ. ವಿಂಡೋಸ್‌ನಲ್ಲಿ ಶುರುವಾಗದಿದ್ದರೆ ಹೆಚ್ಚಾಗಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಡೆಸ್ಕ್‌ಟಾಪ್ ರನ್‌ಟೈಮ್ ಹಾಕಿರುವುದಿಲ್ಲ, ಅಷ್ಟೇ.

ಕರೆಂಟ್ ವಿಷಯ ಹೇಳದೆ ಬಿಟ್ಟರೆ ನಮ್ಮ ಊರುಗಳಿಗೆ ಈ ವಿಮರ್ಶೆ ಉಪಯೋಗಕ್ಕೆ ಬರದು. ಎಂಪಿ4 ಫೈಲಿನ ಸೂಚಿ ಬರೆಯುವುದು ಎನ್‌ಕೋಡ್ ಮುಗಿದ ಮೇಲೆ. ಶೇ 98ರಲ್ಲಿ ಲೈನ್ ಹೋದರೆ ಉಳಿಯುವ ಫೈಲ್ ಯಾವ ಪ್ಲೇಯರ್‌ನಲ್ಲೂ ತೆರೆಯುವುದಿಲ್ಲ. ಎಂಕೆವಿ ಆದರೆ ಅಲ್ಲಿಯವರೆಗಿನದು ಸಾಮಾನ್ಯವಾಗಿ ಓಡುತ್ತದೆ. ಕ್ಯೂ ಮರಳಿ ಸಿಗುತ್ತದಾದರೂ ನಿಂತಿದ್ದ ಕೆಲಸ ಮೊದಲಿನಿಂದಲೇ ಶುರು. ಯುಪಿಎಸ್ ಬ್ಯಾಟರಿ ದುರ್ಬಲವಾಗಿದ್ದರೆ 190 ನಿಮಿಷವನ್ನು ಒಂದೇ ಓಟದಲ್ಲಿ ಬಿಡದೆ, ಎಫ್‌ಎಟಿ32ಗಾಗಿ ಹೇಗೂ ಮಾಡಬೇಕಾದ ಆ ಮೂರು ಭಾಗಗಳನ್ನೇ ಮೂರು ಕೆಲಸವಾಗಿ ಕ್ಯೂಗೆ ಹಾಕಿ. ಮೆರವಣಿಗೆ ಇರುವ ಭಾಗ ಮೊದಲು ಓಡಲಿ. ಅಂದಾಜು ತಪ್ಪಿದ್ದರೆ ಗೊತ್ತಾಗುವುದು ಅದರಲ್ಲೇ, ಉಳಿದೆರಡರ ಆರ್‌ಎಫ್ ಬದಲಿಸಲು ಆಗ ಇನ್ನೂ ಸಮಯವಿರುತ್ತದೆ.